ಆವೃತ್ತಿ ನಿಯಂತ್ರಣದ ಮೂಲಕ ಜಾಲತಾಣದ ಬ್ಯಾಕಪ್

ಆವೃತ್ತಿ ನಿಯಂತ್ರಣದ ಮೂಲಕ ಜಾಲತಾಣದ ಬ್ಯಾಕಪ್ ಎಂದರೆ, ಜಾಲತಾಣವೊಂದನ್ನು ರೂಪಿಸಿರುವ ಕಡತಗಳಲ್ಲಿ ಆಗುವ ಪ್ರತಿಯೊಂದು ಬದಲಾವಣೆಯನ್ನೂ ಕಾಲಾನುಕ್ರಮದಲ್ಲಿ ದಾಖಲಿಸಿ, ಆ ದಾಖಲೆಯ ಪೂರ್ಣ ಪ್ರತಿಗಳನ್ನು ಬೇರೆ ಬೇರೆ ಗಣಕಗಳಲ್ಲಿ ಇರಿಸಿ, ಅಗತ್ಯಬಿದ್ದಾಗ ಹಿಂದಿನ ಯಾವುದೇ ಸ್ಥಿತಿಯನ್ನು ಮರಳಿ ಪಡೆಯುವ ವಿಧಾನ. ಇದಕ್ಕಾಗಿ ಇಂದು ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವ ತಂತ್ರಾಂಶ ಗಿಟ್. ಸಬ್‌ವರ್ಶನ್, ಮರ್ಕ್ಯುರಿಯಲ್ ಮೊದಲಾದವೂ ಇದೇ ಉದ್ದೇಶವನ್ನು ಪೂರೈಸುತ್ತವೆ. ಈ ತಂತ್ರಾಂಶಗಳು ಮೂಲತಃ ಪ್ರೋಗ್ರಾಮುಗಳನ್ನು ಬರೆಯುವವರಿಗಾಗಿ ಹುಟ್ಟಿದವು. ಆದರೆ ಜಾಲಪುಟವೂ ಕೊನೆಗೆ ಪಠ್ಯದ ಕಡತವೇ ಆಗಿರುವುದರಿಂದ ಶಾಲೆ, ಸಂಘ, ಗ್ರಂಥಾಲಯ, ಪತ್ರಿಕೆಗಳ ಸಣ್ಣ ತಾಣಗಳಿಗೂ ಇವು ಅಷ್ಟೇ ಉಪಯುಕ್ತವಾಗಿವೆ.

ಸಾಮಾನ್ಯ ಬ್ಯಾಕಪ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಸಾಮಾನ್ಯ ಬ್ಯಾಕಪ್ ಕಡತಗಳ ಕೊನೆಯ ರೂಪವನ್ನಷ್ಟೇ ಕಾಪಾಡುತ್ತದೆ. ತಪ್ಪಾದ ಕಡತವನ್ನೇ ನಕಲು ಮಾಡಿಟ್ಟರೆ ತಪ್ಪೂ ಭದ್ರವಾಗುತ್ತದೆ. ಆವೃತ್ತಿ ನಿಯಂತ್ರಣದಲ್ಲಿ ಯಾವ ಸಾಲು, ಯಾವಾಗ, ಯಾರಿಂದ, ಯಾವ ಕಾರಣಕ್ಕೆ ಬದಲಾಯಿತು ಎಂಬುದೂ ಉಳಿಯುತ್ತದೆ.

ಹಿನ್ನೆಲೆ

ಒಂದು ಕೃತಿಯನ್ನು ಅನೇಕ ಪ್ರತಿಗಳಲ್ಲಿ ಹಂಚಿಡುವ ಮೂಲಕ ಉಳಿಸುವ ಉಪಾಯ ಕನ್ನಡಕ್ಕೆ ಹೊಸದಲ್ಲ. ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಓಲೆಪ್ರತಿಗಳನ್ನು ಬರೆಯಿಸಿ ದಾನ ಮಾಡಿದ ಅತ್ತಿಮಬ್ಬೆಯ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಓಲೆಗರಿಗಳು ಗೆದ್ದಲು, ತೇವ, ಬೆಂಕಿಗಳಿಗೆ ಸುಲಭವಾಗಿ ತುತ್ತಾಗುತ್ತಿದ್ದ ಕಾಲದಲ್ಲಿ ಪ್ರತಿಗಳ ಸಂಖ್ಯೆಯೇ ಗ್ರಂಥಕ್ಕೆ ರಕ್ಷೆಯಾಗಿತ್ತು. ಹೀಗೆ ಪ್ರತಿಯಾದ ಗ್ರಂಥಗಳಲ್ಲಿ ಲಿಪಿಕಾರರಿಂದ ಪಾಠಾಂತರಗಳು ನುಸುಳುತ್ತಿದ್ದವು. ಮುಂದಿನ ಸಂಪಾದಕರು ಹಲವು ಪ್ರತಿಗಳನ್ನು ಎದುರೆದುರು ಇರಿಸಿ, ಭಿನ್ನಪಾಠಗಳನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟು, ಶುದ್ಧ ಪಾಠವನ್ನು ನಿರ್ಣಯಿಸುತ್ತಿದ್ದರು. ಎರಡು ಆವೃತ್ತಿಗಳನ್ನು ಹೋಲಿಸಿ ವ್ಯತ್ಯಾಸವನ್ನು ತೋರಿಸುವ ಡಿಫ್ ಎಂಬ ಸೌಲಭ್ಯ ಮಾಡುವುದು ಹೆಚ್ಚುಕಡಿಮೆ ಇದೇ ಕೆಲಸವನ್ನು. ಶುದ್ಧಪಾಠ ಯಾವುದೆಂಬ ತೀರ್ಮಾನ ಮಾತ್ರ ಇಂದಿಗೂ ಮನುಷ್ಯನದೇ.

ಗಣಕಯಂತ್ರದ ಮಟ್ಟಿಗೆ ಮೊದಲ ಪ್ರಮುಖ ಆವೃತ್ತಿ ನಿಯಂತ್ರಣ ವ್ಯವಸ್ಥೆ ಎಸ್‌ಸಿಸಿಎಸ್. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮಾರ್ಕ್ ರಾಕ್‌ಕೈಂಡ್ ಅದನ್ನು 1972ರಲ್ಲಿ ಬರೆದರು. 1980ರ ದಶಕದ ಆರಂಭದಲ್ಲಿ ವಾಲ್ಟರ್ ಟಿಕಿ ಅವರ ಆರ್‌ಸಿಎಸ್ ಬಂದಿತು, ಆ ದಶಕದಲ್ಲೇ ಸಿವಿಎಸ್ ರೂಪುಗೊಂಡಿತು. ಸಿವಿಎಸ್‌ನ ಕೊರತೆಗಳನ್ನು ನಿವಾರಿಸಲು ಆರಂಭವಾದ ಸಬ್‌ವರ್ಶನ್‌ನ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಹೊರಬಂದಿತು. ಸಿವಿಎಸ್ ಮತ್ತು ಸಬ್‌ವರ್ಶನ್‌ಗಳಲ್ಲಿ ಪೂರ್ಣ ಇತಿಹಾಸ ಒಂದೇ ಕೇಂದ್ರ ಸರ್ವರ್‌ನಲ್ಲಿ ಇರುತ್ತದೆ. ಆ ಸರ್ವರ್ ಹಾಳಾದರೆ, ಅದರದೇ ಬ್ಯಾಕಪ್ ಇಲ್ಲದಿದ್ದಲ್ಲಿ, ಬಳಕೆದಾರರ ಬಳಿ ಉಳಿಯುವುದು ಕೊನೆಯ ರೂಪ ಮಾತ್ರ.

ಲಿನಕ್ಸ್ ಕರ್ನೆಲ್‌ನ ಅಭಿವೃದ್ಧಿಗೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವಾಣಿಜ್ಯ ತಂತ್ರಾಂಶದ ಉಚಿತ ಪರವಾನಗಿಯನ್ನು ಅದರ ಒಡೆಯರು 2005ರಲ್ಲಿ ಹಿಂತೆಗೆದುಕೊಂಡರು. ಅದೇ ವರ್ಷದ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ತೊಡಗಿದರು. ಕೆಲವೇ ದಿನಗಳಲ್ಲಿ ಗಿಟ್‌ನ ಮೂಲಪಠ್ಯವನ್ನು ಗಿಟ್‌ನಲ್ಲೇ ಇರಿಸಲಾಯಿತು. ಜುಲೈ ತಿಂಗಳಿನಿಂದ ಅದರ ನಿರ್ವಹಣೆಯ ಹೊಣೆ ಜಪಾನ್ ಮೂಲದ ಜುನಿಯೊ ಹಮಾನೊ ಅವರದಾಗಿದೆ. ಮರ್ಕ್ಯುರಿಯಲ್ ಹುಟ್ಟಿದ್ದೂ ಅದೇ ವರ್ಷ, ಅದೇ ಕಾರಣದಿಂದ. ಇವೆರಡೂ ವಿಕೇಂದ್ರಿತ ವ್ಯವಸ್ಥೆಗಳು: ಪ್ರತಿಯೊಬ್ಬರ ಗಣಕದಲ್ಲೂ ಇತಿಹಾಸದ ಪೂರ್ಣ ಪ್ರತಿ ಇರುತ್ತದೆ. ಗಿಟ್ ಭಂಡಾರಗಳನ್ನು ಅಂತರಜಾಲದಲ್ಲಿ ಇರಿಸಲು ಅವಕಾಶ ಕೊಡುವ ಗಿಟ್‌ಹಬ್ 2008ರಲ್ಲಿ ಆರಂಭವಾಯಿತು. 2018ರಲ್ಲಿ ಅದನ್ನು ಮೈಕ್ರೋಸಾಫ್ಟ್ ಸಂಸ್ಥೆ ಕೊಂಡುಕೊಂಡಿತು.

ಗಿಟ್ ಕಡತಗಳನ್ನು ಉಳಿಸುವ ಬಗೆ

ಗಿಟ್ ಬಳಸುವ ಕಡತಕೋಶದೊಳಗೆ ಒಂದು ಗುಪ್ತ ಉಪಕೋಶ ಸೃಷ್ಟಿಯಾಗುತ್ತದೆ. ಅದೇ ಭಂಡಾರ, ಇತಿಹಾಸವೆಲ್ಲ ಅದರೊಳಗೆ ಇರುತ್ತದೆ. ಬಳಕೆದಾರನು ಒಂದು ಹಂತದ ಕೆಲಸ ಮುಗಿಸಿ ದಾಖಲಿಸುವ ಕ್ರಿಯೆಗೆ ಕಮಿಟ್ ಎಂದು ಹೆಸರು. ಪ್ರತಿ ಕಮಿಟ್‌ನಲ್ಲೂ ಆ ಕ್ಷಣದಲ್ಲಿ ಎಲ್ಲ ಕಡತಗಳು ಇದ್ದ ಸ್ಥಿತಿ, ದಾಖಲಿಸಿದವರ ಹೆಸರು, ಸಮಯ, ಒಂದು ಟಿಪ್ಪಣಿ ಹಾಗೂ ಹಿಂದಿನ ಕಮಿಟ್‌ನ ಗುರುತು ಇರುತ್ತವೆ. ಬದಲಾಗದ ಕಡತವನ್ನು ಮತ್ತೆ ಸಂಗ್ರಹಿಸದೆ ಹಿಂದಿನ ಪ್ರತಿಯನ್ನೇ ಸೂಚಿಸುವುದರಿಂದ ಜಾಗ ಉಳಿಯುತ್ತದೆ.

ಕಡತದ ಒಳವಸ್ತುವಿನಿಂದ ಲೆಕ್ಕಹಾಕಿದ 40 ಅಂಕಾಕ್ಷರಗಳ ಒಂದು ಗುರುತೇ ಅದರ ಹೆಸರಾಗುತ್ತದೆ. ಒಂದು ಅಲ್ಪವಿರಾಮ ಬದಲಾದರೂ ಈ ಗುರುತು ಪೂರ್ತಿ ಬೇರೆಯಾಗುತ್ತದೆ. ಪ್ರತಿ ಕಮಿಟ್ ತನ್ನ ಹಿಂದಿನದರ ಗುರುತನ್ನು ಒಳಗೊಂಡಿರುವುದರಿಂದ ಇತಿಹಾಸದ ನಡುವೆ ಯಾರಾದರೂ ಕೈಯಾಡಿಸಿದರೆ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ತಪ್ಪುತ್ತವೆ. 2011ರಲ್ಲಿ ಲಿನಕ್ಸ್ ಕರ್ನೆಲ್‌ನ ಮುಖ್ಯ ಸರ್ವರ್‌ಗಳೊಳಗೆ ಆಗಂತುಕರು ನುಗ್ಗಿದಾಗ, ಅಭಿವೃದ್ಧಿಗಾರರು ಮೂಲಪಠ್ಯದ ಬಗ್ಗೆ ಧೈರ್ಯದಿಂದಿರಲು ಈ ಗುಣವೇ ಕಾರಣವಾಯಿತು. ಸಾವಿರಾರು ಜನರ ಗಣಕಗಳಲ್ಲಿದ್ದ ಪ್ರತಿಗಳೊಡನೆ ತಾಳೆ ನೋಡದೆ ಕಳ್ಳ ತಿದ್ದುಪಡಿ ನಿಲ್ಲುವಂತಿರಲಿಲ್ಲ.

ಬ್ಯಾಕಪ್ ಮಾಡುವ ಕ್ರಮ

ಗಿಟ್‌ನ ಆದೇಶಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಕೊಡಲಾಗಿದೆ.

ತುಮಕೂರಿನ ಸದಾಶಿವನಗರದಲ್ಲಿ ಒಂದು ಶಾಲೆಯಿದೆ, ಅದಕ್ಕೆ ನಲವತ್ತು ಪುಟಗಳ ಒಂದು ಜಾಲತಾಣವಿದೆ ಎಂದು ಊಹಿಸಿಕೊಳ್ಳಬಹುದು. ತಾಣದ ಕಡತಗಳನ್ನು ಮೊದಲು ಹೋಸ್ಟಿಂಗ್ ಸರ್ವರ್‌ನಿಂದ ಶಾಲೆಯ ಗಣಕಕ್ಕೆ ಇಳಿಸಿಕೊಳ್ಳಬೇಕು. ಆ ಕಡತಕೋಶದಲ್ಲಿ ‘ಗಿಟ್ ಇನಿಟ್’ ಎಂಬ ಆದೇಶ ಕೊಟ್ಟರೆ ಖಾಲಿ ಭಂಡಾರ ಸಿದ್ಧವಾಗುತ್ತದೆ. ‘ಗಿಟ್ ಆ್ಯಡ್’ ಆದೇಶ ಯಾವ ಕಡತಗಳನ್ನು ದಾಖಲಿಸಬೇಕೆಂದು ಆರಿಸುತ್ತದೆ, ‘ಗಿಟ್ ಕಮಿಟ್’ ಅವನ್ನು ದಾಖಲಿಸುತ್ತದೆ. ಕಮಿಟ್ ಮಾಡುವಾಗ ಬರೆಯುವ ಟಿಪ್ಪಣಿ ಕನ್ನಡದಲ್ಲಿರಬಹುದು. ‘ಬದಲಾವಣೆ’ ಎಂದಷ್ಟೇ ಬರೆದ ಟಿಪ್ಪಣಿಯಿಂದ ವರ್ಷದ ನಂತರ ಯಾರಿಗೂ ಪ್ರಯೋಜನವಿಲ್ಲ. ‘ದಾಖಲಾತಿ ಪುಟದಲ್ಲಿ ಶುಲ್ಕದ ಪಟ್ಟಿ ತಿದ್ದಿದೆ’ ಎಂಬಂತೆ ಬರೆದರೆ ಹುಡುಕುವಾಗ ಕೈಗೆ ಸಿಗುತ್ತದೆ.

ಇಷ್ಟಕ್ಕೇ ನಿಂತರೆ ಇತಿಹಾಸ ದೊರೆಯಿತೇ ಹೊರತು ಬ್ಯಾಕಪ್ ಆಗಲಿಲ್ಲ. ಭಂಡಾರವೂ ಕಡತಗಳೂ ಒಂದೇ ಹಾರ್ಡ್‌ಡಿಸ್ಕ್‌ನಲ್ಲಿರುವುದರಿಂದ ಅದು ಕೆಟ್ಟರೆ ಎರಡೂ ಒಟ್ಟಿಗೆ ಹೋಗುತ್ತವೆ. ಹೊಸದಾಗಿ ಕಲಿಯುವವರು ಈ ಹಂತವನ್ನು ಬಿಡುವುದುಂಟು. ‘ಗಿಟ್ ಪುಶ್’ ಆದೇಶದಿಂದ ಇತಿಹಾಸವನ್ನು ದೂರದ ಇನ್ನೊಂದು ಭಂಡಾರಕ್ಕೆ ಕಳುಹಿಸಬೇಕು. ಆ ಭಂಡಾರ ಗಿಟ್‌ಹಬ್, ಗಿಟ್‌ಲ್ಯಾಬ್ ಮೊದಲಾದ ಸೇವೆಗಳಲ್ಲಿರಬಹುದು, ಇನ್ನೊಂದು ಕಟ್ಟಡದ ಗಣಕದಲ್ಲಿರಬಹುದು, ಒಂದು ಪೆನ್‌ಡ್ರೈವ್‌ನಲ್ಲಿಯೂ ಇರಬಹುದು. ಅಂತರಜಾಲ ಸಂಪರ್ಕ ಸರಿಯಿಲ್ಲದ ಊರುಗಳಲ್ಲಿ ‘ಗಿಟ್ ಬಂಡಲ್’ ಅನುಕೂಲ. ಅದು ಇಡೀ ಇತಿಹಾಸವನ್ನು ಒಂದೇ ಕಡತವಾಗಿ ಕಟ್ಟಿಕೊಡುತ್ತದೆ, ಆ ಕಡತವನ್ನು ಗುಬ್ಬಿಯಿಂದ ಕುಣಿಗಲ್‌ಗೆ ಬಸ್ಸಿನಲ್ಲಿ ಒಯ್ದರೂ ಸರಿಯೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಅವುಗಳಲ್ಲಿ ಒಂದಾದರೂ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಬ್ಯಾಕಪ್ ತಜ್ಞರು ಸಾಮಾನ್ಯವಾಗಿ ಹೇಳುತ್ತಾರೆ.

ಮರಳಿ ಪಡೆಯುವ ವಿಧಾನಗಳು

ಮರಳಿ ಪಡೆಯುವ ಮಾರ್ಗ ಹಾನಿಯ ಸ್ವರೂಪವನ್ನು ಅವಲಂಬಿಸಿದೆ. ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಇಂಗ್ಲಿಷ್ ಹೆಸರುಗಳು ಅಧಿಕೃತವಾಗಿ ಕನ್ನಡದ ಉಚ್ಚಾರಣೆಗೆ ಹೊಂದಿಕೊಂಡವು, ‘ಟುಮ್ಕೂರ್’ ಎಂಬ ಇಂಗ್ಲಿಷ್ ರೂಪ ‘ತುಮಕೂರು’ ಆಯಿತು. ಮೇಲಿನ ಕಲ್ಪಿತ ಶಾಲೆಯ ತಾಣದಲ್ಲಿ ಯಾರೋ ಒಬ್ಬರು ಹುಡುಕಿ-ಬದಲಿಸುವ ಸೌಲಭ್ಯ ಬಳಸಿ ಎಲ್ಲ ಪುಟಗಳಲ್ಲೂ ಹಳೆಯ ಕಾಗುಣಿತವನ್ನು ಒಂದೇ ಏಟಿಗೆ ಹೊಸದಾಗಿಸಿದರು ಎನ್ನೋಣ. ವಾಕ್ಯಗಳೇನೋ ಸರಿಯಾಗುತ್ತವೆ. ಆದರೆ ಚಿತ್ರಗಳ ಕಡತನಾಮ, ಇಮೇಲ್ ವಿಳಾಸ, ಬೇರೆ ತಾಣಗಳ ಕೊಂಡಿಗಳಲ್ಲಿ ಅಡಗಿದ್ದ ಅದೇ ಪದವೂ ಬದಲಾಗುತ್ತದೆ. ಚಿತ್ರಗಳು ಕಾಣಿಸುವುದಿಲ್ಲ, ಪೋಷಕರ ಪತ್ರಗಳು ತಲುಪುವುದಿಲ್ಲ. ಪತ್ರ ತಲುಪದಿರುವುದು ತಾಣ ನೋಡುವವರ ಕಣ್ಣಿಗೆ ಬೀಳದ ದೋಷವಾದ್ದರಿಂದ ಅದು ತಿಳಿಯುವ ವೇಳೆಗೆ ವಾರಗಳೇ ಕಳೆದಿರಬಹುದು, ಅಷ್ಟರಲ್ಲಿ ಬೇರೆ ಹತ್ತಾರು ತಿದ್ದುಪಡಿಗಳೂ ಆಗಿರಬಹುದು.

ಇಂತಹ ಸಂದರ್ಭದಲ್ಲಿ ಹಳೆಯ ಜಿಪ್ ಕಡತವನ್ನು ಹಿಂದಕ್ಕೆ ಹಾಕಿದರೆ ನಡುವಿನ ಸರಿಯಾದ ತಿದ್ದುಪಡಿಗಳೂ ಅಳಿಸಿಹೋಗುತ್ತವೆ. ಗಿಟ್‌ನಲ್ಲಿ ‘ಗಿಟ್ ಲಾಗ್’ ಮೂಲಕ ದೋಷ ತಂದ ಕಮಿಟ್ಟನ್ನು ಗುರುತಿಸಿ, ‘ಗಿಟ್ ರಿವರ್ಟ್’ ಆದೇಶದಿಂದ ಅದೊಂದನ್ನೇ ರದ್ದುಪಡಿಸಬಹುದು. ರಿವರ್ಟ್ ಹಳೆಯ ದಾಖಲೆಯನ್ನು ಅಳಿಸುವುದಿಲ್ಲ. ಅದಕ್ಕೆ ವಿರುದ್ಧವಾದ ಹೊಸ ದಾಖಲೆಯನ್ನು ಸೇರಿಸುತ್ತದೆ. ಲೆಕ್ಕಪುಸ್ತಕದಲ್ಲಿ ತಪ್ಪು ನಮೂದನ್ನು ಕೆರೆದುಹಾಕದೆ ಎದುರು ನಮೂದು ಬರೆದು ಸರಿಪಡಿಸುವ ಪದ್ಧತಿಯಂತೆಯೇ ಇದು. ಬದಲಾದ ಸಾಲುಗಳನ್ನೇ ನಂತರ ಮತ್ತೆ ತಿದ್ದಿದ್ದರೆ ಗಿಟ್ ತಾನಾಗಿ ತೀರ್ಮಾನಿಸದೆ ಆ ಸಾಲುಗಳನ್ನು ಗುರುತುಮಾಡಿ ತೋರಿಸುತ್ತದೆ, ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಸಂಪಾದಕರು ನಿರ್ಧರಿಸಬೇಕು.

ಒಂದೇ ಕಡತ ಹಾಳಾಗಿದ್ದರೆ ಅಥವಾ ಅಳಿಸಿಹೋಗಿದ್ದರೆ ‘ಗಿಟ್ ರಿಸ್ಟೋರ್’ ಸಾಕು. 2019ರಲ್ಲಿ ಸೇರಿದ ಈ ಆದೇಶ ಹಿಂದಿನ ಯಾವುದೇ ಕಮಿಟ್‌ನಿಂದ ಆ ಕಡತವನ್ನಷ್ಟೇ ತಂದುಕೊಡುತ್ತದೆ. ಅದಕ್ಕೂ ಮೊದಲಿನ ಬೋಧನಾ ಬರಹಗಳಲ್ಲಿ ಇದೇ ಕೆಲಸಕ್ಕೆ ‘ಗಿಟ್ ಚೆಕ್‌ಔಟ್’ ಎಂದಿರುತ್ತದೆ. ಗಣಕವೇ ಹಾಳಾದರೆ ‘ಗಿಟ್ ಕ್ಲೋನ್’ ಮೂಲಕ ದೂರದ ಭಂಡಾರದಿಂದ ಇಡೀ ಇತಿಹಾಸವನ್ನು ಇಳಿಸಿಕೊಳ್ಳಬಹುದು.

‘ಗಿಟ್ ರಿಸೆಟ್’ ಆದೇಶವನ್ನು ‘ಹಾರ್ಡ್’ ಎಂಬ ಆಯ್ಕೆಯೊಡನೆ ಬಳಸುವಾಗ ಎಚ್ಚರ ಬೇಕು. ಅದು ಇನ್ನೂ ಕಮಿಟ್ ಆಗದ ತಿದ್ದುಪಡಿಗಳನ್ನು ಕೇಳದೆಯೇ ಅಳಿಸುತ್ತದೆ, ಅವುಗಳನ್ನು ಗಿಟ್ ಮರಳಿ ಕೊಡಲಾರದು. ಒಮ್ಮೆ ಕಮಿಟ್ ಆದದ್ದಾದರೆ ಹೀಗೆ ಹಿಂದೆ ಸರಿದ ಮೇಲೂ ‘ಗಿಟ್ ರಿಫ್‌ಲಾಗ್’ ಎಂಬ ಒಳಪಟ್ಟಿಯ ನೆರವಿನಿಂದ ಪತ್ತೆಹಚ್ಚಬಹುದು. ಹೀಗೆ ಕೈಬಿಟ್ಟ ಕಮಿಟ್‌ಗಳ ನಮೂದುಗಳನ್ನು ರಿಫ್‌ಲಾಗ್ ಸಾಮಾನ್ಯವಾಗಿ 30 ದಿನ ಇರಿಸಿಕೊಳ್ಳುತ್ತದೆ.

ಕನ್ನಡದ ಜಾಲತಾಣಗಳಲ್ಲಿ

1996ರಲ್ಲಿ ಯು. ಬಿ. ಪವನಜ ಅವರು ಆರಂಭಿಸಿದ ‘ವಿಶ್ವಕನ್ನಡ’ ಕನ್ನಡದ ಮೊದಲ ಅಂತರಜಾಲ ಪತ್ರಿಕೆ. ಆ ಕಾಲದಿಂದ ಯೂನಿಕೋಡ್ ನೆಲೆಗೊಳ್ಳುವವರೆಗೆ ಕನ್ನಡದ ಪುಟಗಳನ್ನು ಬರಹ, ನುಡಿ, ಶ್ರೀಲಿಪಿ ಮೊದಲಾದ ಫಾಂಟುಗಳ ಸಂಕೇತಗಳಲ್ಲೇ ಉಳಿಸಲಾಗುತ್ತಿತ್ತು. ಅಂತಹ ಕಡತದಲ್ಲಿ ವಾಸ್ತವವಾಗಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಅದು ಕನ್ನಡವಾಗಿ ಕಾಣುವುದು ಆಯಾ ಫಾಂಟು ಗಣಕದಲ್ಲಿದ್ದಾಗ ಮಾತ್ರ. ಸಂಘಸಂಸ್ಥೆಗಳ ಹಳೆಯ ಸಿ.ಡಿ.ಗಳಲ್ಲಿ, ಮುದ್ರಣಾಲಯಗಳ ಗಣಕಗಳಲ್ಲಿ ಇಂತಹ ಕಡತಗಳು ಇಂದಿಗೂ ಇವೆ. ಅವನ್ನು ಪರಿವರ್ತಕ ತಂತ್ರಾಂಶಗಳ ಮೂಲಕ ಯೂನಿಕೋಡ್‌ಗೆ ತರುವಾಗ ಮೂಲ ನಾಶವಾಗುವ ಅಪಾಯ ಹೆಚ್ಚು. ಅರ್ಕಾವೊತ್ತು ಸ್ಥಾನ ತಪ್ಪಬಹುದು, ಒತ್ತಕ್ಷರ ಬಿಟ್ಟುಹೋಗಬಹುದು. ಕನ್ನಡದ ನಡುವೆ ಬಂದ ಇಂಗ್ಲಿಷ್ ಪದಗಳನ್ನು ಪರಿವರ್ತಕವು ಕನ್ನಡವೆಂದೇ ತಿಳಿದು ಅರ್ಥಹೀನ ಅಕ್ಷರಮಾಲೆಯಾಗಿಸುವುದಂತೂ ಸಾಮಾನ್ಯ. ಜಾಲಪುಟದ ವಿಷಯದಲ್ಲಿ ಇದು ಮತ್ತೂ ಹಾನಿಕರ, ಏಕೆಂದರೆ ಪುಟದ ವಿನ್ಯಾಸವನ್ನು ಹೇಳುವ ಎಚ್‌ಟಿಎಂಎಲ್ ಗುರುತುಗಳೆಲ್ಲ ಇಂಗ್ಲಿಷಿನಲ್ಲೇ ಇರುತ್ತವೆ.

ಆದುದರಿಂದ ಪರಿವರ್ತನೆಗೆ ಮುನ್ನ ಮೂಲ ಕಡತಗಳನ್ನು ಇದ್ದಂತೆಯೇ ಮೊದಲ ಕಮಿಟ್ ಆಗಿ ದಾಖಲಿಸುವುದು ಒಳ್ಳೆಯ ಪದ್ಧತಿ. ಯಂತ್ರದ ಪರಿವರ್ತನೆಯನ್ನು ಎರಡನೆಯ ಕಮಿಟ್ ಆಗಿಯೂ, ಕೈಯಿಂದ ಮಾಡಿದ ಕರಡು ತಿದ್ದುಪಡಿಗಳನ್ನು ಅನಂತರದ ಕಮಿಟ್‌ಗಳಾಗಿಯೂ ಪ್ರತ್ಯೇಕವಾಗಿ ಇಟ್ಟರೆ, ಯಂತ್ರ ಮಾಡಿದ ತಪ್ಪು ಯಾವುದು, ತಿದ್ದಿದವರು ಮಾಡಿದ್ದು ಯಾವುದು ಎಂದು ಎಷ್ಟು ವರ್ಷಗಳಾದ ಮೇಲೂ ಬೇರ್ಪಡಿಸಬಹುದು. ಮುಂದೆ ಇನ್ನೂ ಉತ್ತಮವಾದ ಪರಿವರ್ತಕ ದೊರೆತರೆ ಮೂಲದಿಂದಲೇ ಮತ್ತೆ ಆರಂಭಿಸಲೂಬಹುದು.

ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಎಂಬ ಆಯ್ಕೆಯಿಂದ ಉಳಿಸಿದ ಕಡತ ಯುಟಿಎಫ್-16 ರೂಪದಲ್ಲಿರುತ್ತದೆ. ಗಿಟ್ ಅದನ್ನು ಪಠ್ಯವೆಂದು ಗುರುತಿಸದೆ ಚಿತ್ರದ ಕಡತದಂತೆ ಪರಿಗಣಿಸುವುದರಿಂದ ಸಾಲುಗಳ ಹೋಲಿಕೆ ಕಾಣಿಸುವುದಿಲ್ಲ. ಯುಟಿಎಫ್-8 ಆಯ್ಕೆಯಲ್ಲಿ ಉಳಿಸಿದರೆ ಈ ತೊಂದರೆ ಇಲ್ಲ. ಕನ್ನಡದಲ್ಲಿ ಹೆಸರಿಟ್ಟ ಕಡತಗಳು ಗಿಟ್‌ನ ಪಟ್ಟಿಗಳಲ್ಲಿ ಅಂಕಿಗಳ ಸರಮಾಲೆಯಾಗಿ ಕಾಣುವುದುಂಟು. ಇದು ಕಡತ ಕೆಟ್ಟದ್ದರ ಲಕ್ಷಣವಲ್ಲ, ‘ಕೋರ್ ಕೋಟ್‌ಪಾತ್’ ಎಂಬ ಸಿದ್ಧತೆಯನ್ನು ‘ಫಾಲ್ಸ್’ ಎಂದು ಬದಲಿಸಿದರೆ ಕನ್ನಡ ಹೆಸರುಗಳೇ ಕಾಣುತ್ತವೆ. ಸಾಲಿನ ಬದಲು ಪದಪದವಾಗಿ ವ್ಯತ್ಯಾಸ ತೋರಿಸುವ ‘ವರ್ಡ್ ಡಿಫ್’ ಆಯ್ಕೆ ಉದ್ದನೆಯ ಗದ್ಯಕ್ಕೆ ಹೆಚ್ಚು ಹೊಂದುತ್ತದೆ.

ಮಿತಿಗಳು

ಜಾಲತಾಣದ ಎಲ್ಲವೂ ಕಡತಗಳಲ್ಲಿ ಇರುವುದಿಲ್ಲ. ವರ್ಡ್‌ಪ್ರೆಸ್, ದ್ರುಪಲ್ ಮೊದಲಾದ ವ್ಯವಸ್ಥೆಗಳಲ್ಲಿ ಲೇಖನ, ಬಳಕೆದಾರರ ಪಟ್ಟಿ, ಸಿದ್ಧತೆಗಳು ಇರುವುದು ದತ್ತಸಂಚಯದಲ್ಲಿ. ಕಡತಕೋಶವನ್ನಷ್ಟೇ ಗಿಟ್‌ಗೆ ಸೇರಿಸಿ ನಿಶ್ಚಿಂತರಾದವರಿಗೆ ಮರಳಿ ಸಿಗುವುದು ತಾಣದ ಚೌಕಟ್ಟು ಮಾತ್ರ. ದತ್ತಸಂಚಯವನ್ನು ‘ಮೈಎಸ್‌ಕ್ಯೂಎಲ್ ಡಂಪ್’ನಂತಹ ಸಾಧನದಿಂದ ಪಠ್ಯವಾಗಿ ಹೊರತೆಗೆದು ಪ್ರತ್ಯೇಕವಾಗಿ ಕಾಪಾಡಬೇಕು. ಅದರಲ್ಲಿ ಜನರ ಖಾಸಗಿ ವಿವರಗಳಿದ್ದರೆ ಸಾರ್ವಜನಿಕ ಭಂಡಾರದಲ್ಲಿ ಇಡುವಂತಿಲ್ಲ.

ಛಾಯಾಚಿತ್ರ, ಧ್ವನಿ, ವಿಡಿಯೊಗಳಿಗೆ ಗಿಟ್ ಅಷ್ಟಾಗಿ ಒಗ್ಗುವುದಿಲ್ಲ. ಬದಲಾದ ಪ್ರತಿ ಚಿತ್ರವೂ ಹೆಚ್ಚುಕಡಿಮೆ ಪೂರ್ಣ ಹೊಸ ಪ್ರತಿಯಾಗಿ ಸೇರಿ ಭಂಡಾರ ಊದಿಕೊಳ್ಳುತ್ತದೆ. ಗಿಟ್‌ಹಬ್ 100 ಎಂಬಿ ಮೀರಿದ ಒಂಟಿ ಕಡತವನ್ನು ಸ್ವೀಕರಿಸುವುದಿಲ್ಲ. ಖಾಲಿ ಕಡತಕೋಶಗಳನ್ನು ಗಿಟ್ ದಾಖಲಿಸುವುದಿಲ್ಲ. ಕಡತದ ಒಡೆತನ, ಮೂಲ ದಿನಾಂಕಗಳು ಉಳಿಯುವುದಿಲ್ಲ, ಅನುಮತಿಗಳ ಪೈಕಿ ಕಡತ ಕಾರ್ಯಗತವಾಗಬಲ್ಲದೇ ಎಂಬುದಷ್ಟೇ ಉಳಿಯುತ್ತದೆ. ಮರಳಿ ತಂದ ತಾಣದಲ್ಲಿ ಚಿತ್ರ ಏರಿಸಲು ಆಗದಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಗುಪ್ತಪದಗಳ ವಿಷಯ ಇನ್ನೂ ಸೂಕ್ಷ್ಮ. ದತ್ತಸಂಚಯದ ಗುಪ್ತಪದವಿರುವ ಕಡತ ಒಮ್ಮೆ ಸಾರ್ವಜನಿಕ ಭಂಡಾರಕ್ಕೆ ಹೋದರೆ ಮರುದಿನ ಅಳಿಸಿ ಪ್ರಯೋಜನವಿಲ್ಲ. ಇತಿಹಾಸದಲ್ಲಿ ಅದು ಇದ್ದೇ ಇರುತ್ತದೆ. ಗುಪ್ತಪದವನ್ನೇ ಬದಲಿಸಬೇಕಾಗುತ್ತದೆ. ಇಂತಹ ಕಡತಗಳ ಹೆಸರನ್ನು ಮೊದಲೇ ‘ಗಿಟ್‌ಇಗ್ನೋರ್’ ಪಟ್ಟಿಯಲ್ಲಿ ಬರೆದಿಡುವುದು ಕ್ಷೇಮ. ಗಿಟ್‌ನ ಗುಪ್ತ ಉಪಕೋಶವನ್ನು ಸರ್ವರ್‌ನ ಸಾರ್ವಜನಿಕ ಕಡತಕೋಶದೊಳಗೆ ಬಿಟ್ಟರೆ ಅಪರಿಚಿತರು ಇಡೀ ಇತಿಹಾಸವನ್ನು ಇಳಿಸಿಕೊಳ್ಳುವ ಸಾಧ್ಯತೆಯೂ ಇದೆ.

ಗಮನಾರ್ಹ ಘಟನೆಗಳು

2013ರ ಮಾರ್ಚ್‌ನಲ್ಲಿ ಕೆಡಿಇ ಎಂಬ ಮುಕ್ತ ತಂತ್ರಾಂಶ ಯೋಜನೆಯ ಮುಖ್ಯ ಸರ್ವರ್‌ನ ಕಡತ ವ್ಯವಸ್ಥೆ ಕೆಟ್ಟು ಸುಮಾರು 1500 ಗಿಟ್ ಭಂಡಾರಗಳು ಅಪಾಯಕ್ಕೆ ಸಿಲುಕಿದವು. ಪ್ರತಿಬಿಂಬ ಸರ್ವರ್‌ಗಳು ಬೇರೆ ಬೇರೆ ಸ್ಥಳಗಳಲ್ಲಿದ್ದವು. ಆದರೆ ಅವು ಮುಖ್ಯ ಸರ್ವರನ್ನು ನಿಷ್ಠೆಯಿಂದ ಅನುಸರಿಸುತ್ತಿದ್ದುದರಿಂದ ಹಾಳಾದ ಸ್ಥಿತಿಯನ್ನೂ ನಕಲು ಮಾಡಿಕೊಂಡವು. ಇನ್ನೂ ನಕಲು ಆರಂಭಿಸದಿದ್ದ ಒಂದು ಯಂತ್ರದಲ್ಲಿ ಒಳ್ಳೆಯ ಪ್ರತಿ ಉಳಿದಿದ್ದರಿಂದ ಯೋಜನೆ ಪಾರಾಯಿತು. ತಾನಾಗಿ ಹೊಂದಿಕೊಳ್ಳುವ ಪ್ರತಿಬಿಂಬ ಬ್ಯಾಕಪ್ ಅಲ್ಲವೆಂಬುದಕ್ಕೆ ಈ ಘಟನೆಯನ್ನು ಆಗಾಗ ಉದಾಹರಿಸಲಾಗುತ್ತದೆ. ಭಂಡಾರದ ಆರೋಗ್ಯವನ್ನು ‘ಗಿಟ್ ಎಫ್‌ಎಸ್‌ಸಿಕೆ’ ಆದೇಶದಿಂದ ಪರೀಕ್ಷಿಸಬಹುದು.

ಗಿಟ್ ಭಂಡಾರಗಳನ್ನು ಕಾಪಾಡುವುದನ್ನೇ ವೃತ್ತಿಯಾಗಿಸಿಕೊಂಡ ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ಸಿಬ್ಬಂದಿಯೊಬ್ಬರು ಪಕ್ಕದ ಸರ್ವರ್ ಎಂದು ತಿಳಿದು ಮುಖ್ಯ ಸರ್ವರ್‌ನ ದತ್ತಸಂಚಯವನ್ನೇ ಅಳಿಸಿದರು. ಸುಮಾರು 300 ಜಿಬಿ ಮಾಹಿತಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್‌ಗಾಗಿ ಹಲವು ಏರ್ಪಾಡುಗಳಿದ್ದರೂ ಅಗತ್ಯದ ವೇಳೆಯಲ್ಲಿ ಅವು ಒದಗಲಿಲ್ಲ. ನಿತ್ಯದ ಬ್ಯಾಕಪ್ ಆವೃತ್ತಿ ಹೊಂದಾಣಿಕೆಯಾಗದೆ ವಿಫಲವಾಗುತ್ತಿತ್ತು, ವೈಫಲ್ಯವನ್ನು ತಿಳಿಸುವ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಅಪಘಾತಕ್ಕೆ ಸುಮಾರು 6 ಗಂಟೆ ಮೊದಲು ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿಯಿಂದ ಸೇವೆಯನ್ನು ಪುನರಾರಂಭಿಸಲಾಯಿತು. ಗಿಟ್ ಭಂಡಾರಗಳು ದತ್ತಸಂಚಯದ ಹೊರಗೆ ಕಡತಗಳಾಗಿದ್ದುದರಿಂದ ಅವುಗಳಿಗೆ ಹಾನಿ ತಟ್ಟಲಿಲ್ಲ. ಸಂಸ್ಥೆ ಇದನ್ನು ಮುಚ್ಚಿಡದೆ, ನಡೆದುದನ್ನೆಲ್ಲ ಸಾರ್ವಜನಿಕವಾಗಿ ಬರೆದು ಪ್ರಕಟಿಸಿತು.

ಇದರ ನಂತರದ ಬೋಧನಾ ಬರಹಗಳಲ್ಲಿ ಮರಳಿ ಪಡೆಯುವುದರ ಅಭ್ಯಾಸಕ್ಕೆ ಹೆಚ್ಚು ಒತ್ತು ಕಾಣುತ್ತದೆ. ಸಣ್ಣ ತಾಣವೊಂದಕ್ಕೆ ಈ ಅಭ್ಯಾಸ ಅರ್ಧ ಗಂಟೆಯ ಕೆಲಸ: ತಾಣದ ಕಡತಗಳಿಲ್ಲದ ಬೇರೊಂದು ಗಣಕದಲ್ಲಿ ದೂರದ ಭಂಡಾರವನ್ನು ಕ್ಲೋನ್ ಮಾಡಿ, ದತ್ತಸಂಚಯದ ಪ್ರತಿಯನ್ನು ಸೇರಿಸಿ, ಮುಖಪುಟದಿಂದ ಆರಂಭಿಸಿ ಕೆಲವು ಪುಟಗಳನ್ನೂ ಚಿತ್ರಗಳನ್ನೂ ತೆರೆದು ನೋಡುವುದು.